ಮೈಬೂಬ ಬಡಿದ ಬೆಣೆ

ಕಮಲಾಪುರದ ಬಡಿಗ ಮೈಬೂಬನಿಗೆ ಅಂಗಡಿಯ ಪುಟ್ಟಿ ಹಿಟ್ಟು ಕಂಡರೆ ಆಗುತ್ತಿರಲಿಲ್ಲ. ಚೌಕಟ್ಟಿನಲ್ಲಿ ಸಂದು ಬಿದ್ದರೆ ಉಳಿದ ಬಡಿಗರು ಒಂದಿಷ್ಟು ಪುಟ್ಟಿ ಮೆತ್ತಿ, ಬಣ್ಣ ಬಳಿದು ಬಸ್ಸು ಹಿಡಿಯುತ್ತಿದ್ದರು. ಇವನು ಹಾಗಲ್ಲ. ಕೂದಲೆಳೆಯಷ್ಟು ಸಂದಿದ್ದರೆ ಅದೇ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬುತ್ತಿದ್ದ. ದೊಡ್ಡದಾದರೆ ಸಾಗವಾನಿಯ ಬೆಣೆ ಕೆತ್ತಿ ಬಡಿಯುತ್ತಿದ್ದ. "ಪುಟ್ಟಿ ಅಂದ್ರ ಮೋಸ. ಎರಡು ಬ್ಯಾಸಗಿ ಕಳದ್ರ ಉದುರ್ತದ" ಎನ್ನುತ್ತಿದ್ದ. ಗಿರಾಕಿಗೆ ಅವಸರವಿದ್ದರೆ ಅವನಿಗೇನು? ನಲವತ್ತು ವರ್ಷ ಇದೇ ಹಟದಲ್ಲಿ ದುಡಿದ, ಹೆಸರೂ ಮಾಡಿದ.

ಆರು ವರ್ಷದ ಹಿಂದೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಪಂಚಶೀಲಾ ಟೀಚರ ಮನೆಯ ಕೆಲಸ ಬಂತು. ಟೀಚರು ಮನೆಯಲ್ಲೇ ಟ್ಯೂಶನ್ ಹೇಳುತ್ತಿದ್ದರು. ಅವರ ಗಂಡ ಗುಂಡಣ್ಣ, ನಿವೃತ್ತ ಗುಮಾಸ್ತರು, ಮಧ್ಯಾಹ್ನದ ನಿದ್ದೆಯನ್ನು ಯಾರಿಗೂ ಬಿಟ್ಟುಕೊಡುವವರಲ್ಲ. ಅವರ ಕೋಣೆಯ ಒಳಚಿಲಕ ಸಡಿಲಾಗಿತ್ತು. ಟ್ಯೂಶನ್ ಹುಡುಗರು ತಳ್ಳಿದರೆ ಸಾಕು, ಬಾಗಿಲು ತೆರೆದುಕೊಳ್ಳುತ್ತಿತ್ತು. ಮೈಬೂಬ ಚೌಕಟ್ಟಿನ ಹಳೆಯ ಸ್ಕ್ರೂ ತೂತುಗಳಿಗೆ ಬೆಣೆ ಬಡಿದು ಹೊಸ ಚಿಲಕ ಕೂರಿಸಿದ.

"ಆನಿ ಬಂದು ದೂಕಿದ್ರೂ ತೆರಿಯಂಗಿಲ್ರೀ" ಎಂದ. ಗುಂಡಣ್ಣ ನಕ್ಕು ಚಹಾ ಕುಡಿಸಿದರು.

ಈ ಬೇಸಿಗೆಯ ಒಂದು ಮಧ್ಯಾಹ್ನ ಗುಂಡಣ್ಣ ಅದೇ ಕೋಣೆಯಲ್ಲಿ ಎದೆ ಹಿಡಿದುಕೊಂಡು ಬಿದ್ದರು. ಹೊರಗಿದ್ದ ಹೆಂಡತಿಗೆ ಅವರ ಕೂಗು ಕೇಳಿಸಿತು. ಒಳಗಿನಿಂದ ಚಿಲಕ ಹಾಕಿದ್ದ ಬಾಗಿಲು ಮಾತ್ರ ಜಗ್ಗಲಿಲ್ಲ. ನೆರೆಯವರು ಹಾರೆ ತಂದು ಮೀಟಿ ಒಳಗೆ ಹೋಗುವಷ್ಟರಲ್ಲಿ ಉಸಿರು ನಿಂತಿತ್ತು.

ತಿಂಗಳಾದ ಮೇಲೆ ಟೀಚರು ಮೈಬೂಬನನ್ನೇ ಕರೆಸಿದರು. ಅವನು ಚೌಕಟ್ಟಿನ ಮೇಲೆ ಕೈಯಾಡಿಸಿದ. ಸುತ್ತಲಿನ ಮರ ಸೀಳಿಹೋಗಿತ್ತು. ಅವನ ಬೆಣೆಗಳು ಮಾತ್ರ ಬಡಿದಲ್ಲೇ ಇದ್ದವು. ತನ್ನ ಕೆಲಸ ಕೆಟ್ಟದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು.

"ಇದಕ್ಕ ಏನ್ ತುಂಬ್ತೀರಿ, ಮೈಬೂಬಣ್ಣ?"

"ಬೆಣಿ ಬಡದ್ರ ಚಿಲಕ ಮದ್ಲಿನಂಗ ಕುಂದರ್ತದ್ರೀ ಅಕ್ಕಾರ. ಪುಟ್ಟಿ ಆದ್ರ..." ಅವನು ಸೀಳಿನಲ್ಲಿ ಬೆರಳಿಟ್ಟ. "ಪುಟ್ಟಿ ಆದ್ರ ಸ್ಕ್ರೂ ಹಿಡಿಯಂಗಿಲ್ರೀ."

"ಹಿಡೀಲಾರದ್ದೇ ತುಂಬ್ರಿ."

ಮೈಬೂಬ ಹೊಸ್ತಿಲಲ್ಲೇ ಕುಳಿತ. "ಅವತ್ತು ಬೆಣಿ ಬಡದಾಂವ ನಾನಽ ರೀ ಅಕ್ಕಾರ."

"ಗಟ್ಟಿ ಬಡೀರಿ ಅಂದಾಕಿ ನಾನು" ಎಂದರು ಟೀಚರು. ಇಬ್ಬರೂ ಅತ್ತರು. ಆಮೇಲೆ ಮೈಬೂಬ ಅಂಗಡಿಗೆ ಹೋಗಿ, ಯಾವ ಪುಟ್ಟಿ ಒಳ್ಳೆಯದೆಂದು ಹೊಸಬನಂತೆ ಕೇಳಿ ತಂದು, ಸೀಳುಗಳನ್ನೆಲ್ಲ ತುಂಬಿ ನಯ ಮಾಡಿದ.

ಸಂಜೆ ಕಮಲಾಪುರಕ್ಕೆ ಬಂದವನು ಕೈಕಾಲು ಸಹ ತೊಳೆಯಲಿಲ್ಲ. ಬಿಪಿಯಿಂದ ಆಗಾಗ ತಲೆ ತಿರುಗಿ ಬೀಳುವ ಹೆಂಡತಿ ಚಾಂದಬಿಯ ಕೋಣೆಗೆ ನಡೆದು, ಒಳಗಿನ ಚಿಲಕವನ್ನು ಬಿಚ್ಚಿ ತೆಗೆದ. ಚೌಕಟ್ಟಿನಲ್ಲಿ ನಾಲ್ಕು ತೂತು ಉಳಿದವು. ಇವಕ್ಕೆ ಏನು ತುಂಬುತ್ತೀರಿ ಎಂದು ಚಾಂದಬಿ ಕೇಳಿದಳು.

ಏನೂ ತುಂಬುವುದಿಲ್ಲ ಎಂದ ಮೈಬೂಬ.