ಗಾಜು ಏರುವಷ್ಟು ಹೊತ್ತು

ಇದನ್ನು ಹೇಳಬೇಕೆಂದು ಕೂತು, ಹೇಳದೆ ಎದ್ದು ಹೋದದ್ದು ಎಷ್ಟು ಸಲವೋ. ಕೂತಾಗಲೆಲ್ಲ ಬೇರೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಹೊಲಕ್ಕೆ ಹೋಗಿ ಬರಬೇಕು, ಯಾರೋ ಬರುವವರಿದ್ದಾರೆ, ಕನ್ನಡಕ ಸಿಗುತ್ತಿಲ್ಲ. ಈಗ ಹೊಲಕ್ಕೆ ಹೋಗುವ ಕಾಲು ಉಳಿದಿಲ್ಲ, ಬರುವವರೂ ಕಡಿಮೆಯಾಗಿದ್ದಾರೆ. ಗೌತಮ ಮೇಸ್ತ್ರಿಯ ವಿಷಯ ಹೇಳಿಬಿಡುತ್ತೇನೆ.

ಮೇಸ್ತ್ರಿ ಅಂದಕೂಡಲೆ ನನ್ನ ಕಣ್ಣಿಗೆ ಬರುವುದು ಗಾಡಿಯ ಬಾಗಿಲಿಗೆ ಕಿವಿ ಹಚ್ಚಿ ಕೂತ ಮನುಷ್ಯ. ಬೈಲಹೊಂಗಲದಲ್ಲಿ ಸವದತ್ತಿ ರಸ್ತೆಗೆ ಅವರದೊಂದು ವಾಯರಿಂಗ್ ಅಂಗಡಿ ಇತ್ತು. ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರ, ಕೆಳಗೆ ಹಳೆ ಬ್ಯಾಟರಿಗಳ ಸಾಲು. ಯಾವ ಗಾಡಿ ಬಂದರೂ ಅವರು ಮೊದಲು ಪಾನಾ, ಸ್ಕ್ರೂಡ್ರೈವರ್ ಹಿಡಿಯುತ್ತಿರಲಿಲ್ಲ. ಗಾಡಿಯವನನ್ನೇ ಒಳಗೆ ಕೂರಿಸಿ, "ಒತ್ತರಿ ಬಟನ್" ಎಂದು ಹೇಳಿ, ತಾವು ಹೊರಗೆ ಕುಕ್ಕರಗಾಲಲ್ಲಿ ಕೂತು ಬಾಗಿಲಿಗೆ ಕಿವಿ ಹಚ್ಚುತ್ತಿದ್ದರು. ಒಂದು ಬೆರಳು ಮೇಲೆ. ಆ ಬೆರಳು ಇಳಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಮಾತಾಡಿದರೆ ಬೈಗಳು ಖಾತ್ರಿ. "ನೀವ ಮಾತಾಡೂದಾದ್ರ ನಾ ಗಾಡಿಗೆ ಸುಮ್ನಿರು ಅಂತ ಹೇಳತೇನ್ರಿ. ಇಬ್ಬರೂ ಕೂಡೇ ಮಾತಾಡಬ್ಯಾಡ್ರಿ."

ಅವರು ಸಾಧು ಮನುಷ್ಯರಲ್ಲ. ಜಗಳ ಕಾಯುವುದರಲ್ಲಿ ಮುಂದೆ. ಮೀಸೆಗೆ ಮಾತ್ರ ಕಪ್ಪು ಬಣ್ಣ ಹಚ್ಚಿ ತಲೆಗೂದಲನ್ನು ಬೆಳ್ಳಗೆ ಬಿಟ್ಟಿದ್ದರು. ಯಾರೋ ಕೇಳಿದ್ದಕ್ಕೆ, "ತಲಿ ಹಿಂದ ಬರಾವರು ನೋಡತಾರ, ಅದು ಅವರ ಸಂಕಟ. ಮೀಸಿ ಕನ್ನಡ್ಯಾಗ ನನಗ ಕಾಣತೈತಿ" ಅಂದಿದ್ದರು.

ನಾನು ಸಂಪಗಾಂವದವನು. ಮೆಟ್ರಿಕ್ ಮುಗಿಸಿ ಅಪ್ಪನ ಹಿಂಡಿ, ಹತ್ತಿಕಾಳಿನ ಅಂಗಡಿಯಲ್ಲಿ ಕೂತವನು. ಕಿತ್ತೂರಿನಿಂದ ರಾಮದುರ್ಗದವರೆಗೆ ದನದ ಮೇವು ಮುಟ್ಟಿಸಲು ಒಂದು ಹಳೇ ಪಿಕಪ್ ಟ್ರಕ್ ಕೊಂಡಿದ್ದೆ. ಮುಂದೆ ಇಬ್ಬರು, ಹಿಂದಿನ ಸೀಟಿನಲ್ಲಿ ಮೂವರು, ಅದರ ಹಿಂದೆ ಮಾಲು. ಬಟನ್ ಒತ್ತಿದರೆ ಏರಿಳಿಯುವ ಗಾಜು ಇದೆ ಎಂಬುದೇ ನನಗೆ ದೊಡ್ಡಸ್ತಿಕೆ. ಆದರೆ ವರ್ಷ ಕಳೆಯುವುದರೊಳಗೆ ನನ್ನ ಕಡೆಯ ಗಾಜು ನಿಧಾನವಾಯಿತು, ಮೇಲೇರುವಾಗ ಜೋಳ ಬೀಸಿದಂತೆ ಸಪ್ಪಳ. ಅದನ್ನು ತೆಗೆದುಕೊಂಡು ಹೋದಾಗಲೇ ನನಗೆ ಮೇಸ್ತ್ರಿಯ ಪರಿಚಯವಾದದ್ದು.

ಕಿವಿ ಹಚ್ಚಿ ಕೇಳಿ, ಮೋಟರ್ ಹೋಗಿದೆ ಅಂದರು. ಬೇರೆ ಮೋಟರ್ ಹಾಕಿದರು. ಗಾಜು ಹಾಗೇ ತೆವಳಿತು. ಅಂಗಡಿಯಲ್ಲಿ ಇನ್ನೂ ಐದಾರು ಜನ ಗಿರಾಕಿಗಳಿದ್ದರು. ಮೇಸ್ತ್ರಿ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ಕೇಳ್ರಿಪಾ, ಮೋಟರ್ ಹೋಗೈತಿ ಅಂದಿದ್ನೆಲ್ಲ, ಸುಳ್ಳಾತು. ತಪ್ಪು ನಂದು" ಅಂದರು. ಹೊಸ ಮೋಟರ್ ಬಿಚ್ಚಿ ನನ್ನ ಹಳೆಯದನ್ನೇ ಕೂರಿಸಿದರು. ತಪ್ಪನ್ನು ಅಷ್ಟು ಸಲೀಸಾಗಿ ಹೇಳಿದವರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಮೂಗಿನ ಮೇಲಿನ ನೊಣ ಹೊಡೆದಷ್ಟು ಹಗುರ.

ಆಮೇಲೆ ಇಂಜಿನ್ ಚಾಲೂ ಮಾಡಿಸಿ ನೋಡಿದರು. ಆಗಲೂ ಗಾಜು ಚುರುಕಾಗಲಿಲ್ಲ. "ಕರೆಂಟ್ ಬರೋಬ್ಬರಿ ಐತಿ" ಅಂದರು. ಎರಡೂ ಅಂಗೈಗಳನ್ನು ಗಾಜಿನ ಎರಡು ಬದಿಗೆ ಆನಿಸಿ, ನಾನು ಬಟನ್ ಒತ್ತುವಾಗ ತಾವು ಮೆಲ್ಲಗೆ ಮೇಲಕ್ಕೆ ಎತ್ತಿಕೊಟ್ಟರು. ಗಾಜು ಸರ್ರನೆ ಏರಿತು. "ಮೋಟರಿಗೆ ತ್ರಾಣ ಐತ್ರಿ. ಗ್ಲಾಸು ಓಡೂ ಹಾದಿ ಬಿಗದೈತಿ. ಈ ರಬ್ಬರಿನ್ಯಾಗ ಏನರ ಹಾಕೀರೇನು?"

"ಏನೂ ಇಲ್ಲಪಾ" ಅಂದೆ.

ಅವರು ರಬ್ಬರಿನ ಸಂದಿಗೆ ಬೆರಳು ಹಾಕಿ, ಕಪ್ಪು ಕೆಸರು ತೆಗೆದು, ಮೂಸಿ ನೋಡಿದರು. "ಔಡಲೆಣ್ಣಿ ವಾಸನಿ ಬಡೀತೈತೆಲ್ರಿ ಸಾವಕಾರ್ರ. ಗಾಡಿ ಬಾಣಂತನಾ ಮಾಡೀರೇನು?"

ಇಡೀ ಅಂಗಡಿ ನಕ್ಕಿತು. ನಾನೇ ಸುರಿದಿದ್ದೆ. ಚಕ್ಕಡಿಯ ಅಚ್ಚು ಕಿರುಗುಟ್ಟಿದರೆ ನಮ್ಮ ಮನೆಯಲ್ಲಿ ಔಡಲೆಣ್ಣೆ ಬಿಡುವುದು ರೂಢಿ. ಗಾಜು ಕಿರುಗುಟ್ಟಿದಾಗಲೂ ಕೈ ಅದೇ ಡಬ್ಬಿಗೆ ಹೋಗಿತ್ತು.

"ಎಣ್ಣಿ ಚಕ್ಕಡಿಗೆ ಛಂದ್ರಿ" ಎಂದು ಮೇಸ್ತ್ರಿ ವಿವರಿಸಿದರು. "ಇಲ್ಲೆ ಎಣ್ಣಿ ಬಿಟ್ರ ಎರಿ ಹೊಲದ ಧೂಳೆಲ್ಲಾ ಬಂದ ಕುಂದರತೈತಿ. ಗ್ಲಾಸು ಕೆಸರಾಗ ಹುಗದ ಎಮ್ಮಿ ಆಗತೈತಿ." ಸಾಬೂನು ನೀರಿನ ಬಟ್ಟೆಯಿಂದ ರಬ್ಬರಿನ ಸಂದಿಯನ್ನು ಒರೆಸಿ, ಆರಿಸಿ, ಜಿಡ್ಡಿಲ್ಲದ ಸ್ಪ್ರೇ ಹೊಡೆದರು. ಗಾಜನ್ನು ಎಳೆಯುವ ತಂತಿಹಗ್ಗದ ಎಳೆಗಳು ಒಂದೊಂದಾಗಿ ಬಿಡುತ್ತಿರುವುದನ್ನೂ ತೋರಿಸಿದರು. "ಇದನ್ನ ಬದಲ ಮಾಡಾಕ ಮತ್ತ ಬರ್ರಿ. ಮರೀಬ್ಯಾಡ್ರಿ." ನಾನು ಮರೆತೆ.

ಗೆಳೆತನ ಮಾತ್ರ ಬೆಳೆಯಿತು. ಅವರಿಗೆ ರಾಮದುರ್ಗದಲ್ಲಿ ಮಗಳ ಮನೆ ಇತ್ತು. ಆ ಕಡೆ ಮಾಲು ಹಾಕಲು ಹೋಗುವಾಗ ಎಷ್ಟೋ ಸಲ ನನ್ನ ಪಕ್ಕದಲ್ಲಿ ಕೂತು ಬಂದಿದ್ದಾರೆ. ದಾರಿಯುದ್ದಕ್ಕೂ ಎದುರು ಬರುವ ಗಾಡಿಗಳ ರೋಗ ಹೇಳುತ್ತಿದ್ದರು. "ಅದರ ಬೆಲ್ಟ್ ಅಳತೈತಿ ನೋಡ್ರಿ. ಇದರ ಮಾಲಕಗ ಕಿವಿ ಇಲ್ಲ." ಒಮ್ಮೆ ಸಾಲಹಳ್ಳಿಯ ಹತ್ತಿರ ಮಳೆಯಲ್ಲಿ ಗಾಜು ಅರ್ಧಕ್ಕೆ ನಿಂತುಬಿಟ್ಟಿತು. ಮೇಸ್ತ್ರಿ ನನ್ನನ್ನು ಆಚೆ ಸರಿಸಿ, ತಾವು ಸ್ಟಿಯರಿಂಗ್ ಹಿಡಿದು, ಒಂದು ತೋಳು ಪೂರ್ತಿ ನೆನೆಸಿಕೊಂಡು ರಾಮದುರ್ಗ ಮುಟ್ಟಿಸಿದರು. ನಾನು ನೆನೆಯದ ಕಡೆ ಕೂತಿದ್ದೆ.

ಎರಡು ಮಾತು ಇಲ್ಲಿಯೇ ಹೇಳಬೇಕು. ಅವರು ನನಗೆ ಯಾವಾಗಲೂ ರೀ ಹಚ್ಚಿ ಮಾತಾಡುತ್ತಿದ್ದರು, ನಾನು ಅವರಿಗೆ ನೀನು ಅನ್ನುತ್ತಿದ್ದೆ. ವಯಸ್ಸಿನಲ್ಲಿ ನಾವು ಸಮಾನರು. ಇನ್ನೊಂದು, ನನ್ನ ಜೊತೆ ಸಂಪಗಾಂವದ ಕಡೆ ಬರುವಾಗ ಊರು ಇನ್ನೂ ದೂರ ಇರುವಾಗಲೇ, "ಇಲ್ಲೆ ಇಳಸರಿ, ಸ್ವಲ್ಪ ಕೆಲಸ ಐತಿ" ಎಂದು ಅವರೇ ಇಳಿದುಬಿಡುತ್ತಿದ್ದರು. ಆ ಬಯಲಿನಲ್ಲಿ ಏನು ಕೆಲಸ ಎಂದು ನಾನು ಕೇಳಲಿಲ್ಲ. ಕೇಳದೆಯೂ ನನಗೆ ಗೊತ್ತಿತ್ತು, ಅವರ ಓಣಿಯವರು ನನ್ನ ಪಕ್ಕದಲ್ಲಿ ಕೂತದ್ದನ್ನು ನಮ್ಮೂರ ಮಂದಿ ನೋಡಬಾರದು. ಅವರಾಗಿಯೇ ಇಳಿದಾಗ ನನಗೆ ಹಗುರವಾಗುತ್ತಿತ್ತು.

ಇನ್ನು ಆ ದಿನದ ಮಾತು.

ಮೊಮ್ಮಗಳ ಸಂಬಂಧದ ವಿಷಯಕ್ಕೆ ಚಚಡಿಗೆ ಹೋಗಿ ತಿರುಗಿ ಬರುತ್ತಿದ್ದೆವು. ಮುಂದೆ ನನ್ನ ಪಕ್ಕದಲ್ಲಿ ಹೆಂಡತಿಯ ಅಣ್ಣ, ಹಿಂದೆ ಹೆಂಡತಿ ಮತ್ತು ನನ್ನ ಅಕ್ಕ. ಸಂಬಂಧ ಕುದುರಿಸಿದ್ದು ಹೆಂಡತಿಯ ಅಣ್ಣ. ಆ ಮನೆತನದ ಹಿರಿತನ, ನಮ್ಮ ಮನೆತನದ ಹಿರಿತನ, ಇದೇ ಅವನ ಮಾತು. ಬಿಸಿಲು ಹೆಣ ಬೀಳಿಸುವಂತಿತ್ತು. ದಾರಿಯಲ್ಲಿ ಸವದತ್ತಿಯಿಂದ ಬರುವ ಬಸ್ಸು ಕೆಟ್ಟು ನಿಂತಿತ್ತು, ಜನ ರಸ್ತೆಗೆ ಬಂದಿದ್ದರು. ನಾನು ಗಾಡಿ ನಿಧಾನ ಮಾಡಿದೆ. ಜನರ ನಡುವಿನಿಂದ ಮೇಸ್ತ್ರಿ ನಗುತ್ತ ಬಂದು ನನ್ನ ಕಿಟಕಿಗೆ ಕೈ ಇಟ್ಟರು. ಹಿಂದೆ ಅವರ ಹೆಂಡತಿ. ಮೊಣಕಾಲಿಗೆ ಪಟ್ಟಿ ಸುತ್ತಿತ್ತು, ಗಂಡನ ಭುಜ ಹಿಡಿದು ನಿಂತಿದ್ದರು.

"ಸವದತ್ತಿ ದವಾಖಾನಿಂದ ಬರಾಕ ಹತ್ತಿದ್ವಿರಿ ಸಾವಕಾರ್ರ. ಬಸ್ಸು ಕೈ ಕೊಟ್ಟೈತಿ. ಇಕಿನ್ನಷ್ಟ ಕೂಡಿಸ್ಕೊಳ್ರಿ. ನಾ ಹೆಂಗರ ಬರತೇನಿ."

ಹಿಂದಿನ ಸೀಟಿನಲ್ಲಿ ಒಬ್ಬರಿಗೆ ಜಾಗ ಇತ್ತು. ಮೇಸ್ತ್ರಿಗೂ ಅದು ಕಾಣುತ್ತಿತ್ತು.

"ಯಾರಿವರು?" ಎಂದು ಹೆಂಡತಿಯ ಅಣ್ಣ ಕೇಳಿದ.

"ಯಾರೋ. ಗೊತ್ತಿಲ್ಲ" ಅಂದೆ. ಬಟನ್ ಒತ್ತಿದೆ.

ಗಾಜು ಚಟ್ಟನೆ ಮುಚ್ಚಿದ್ದರೆ ನಾನು ಇಷ್ಟು ವರ್ಷ ಹೇಗೋ ಇದ್ದುಬಿಡುತ್ತಿದ್ದೆನೇನೋ. ಅದು ಬೀಸುವ ಕಲ್ಲಿನ ಸಪ್ಪಳ ಮಾಡುತ್ತ, ನಡುನಡುವೆ ನಿಂತು, ಮತ್ತೆ ಏರುತ್ತಿತ್ತು. ಅಷ್ಟು ಹೊತ್ತೂ ಮೇಸ್ತ್ರಿಯ ಮುಖ ನನ್ನ ಮುಖದ ಎದುರಿಗಿತ್ತು. ಮೊದಲು ಅವರಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಗು ಹೋಯಿತು. ಗಾಜು ಅರ್ಧಕ್ಕೆ ಬಂದು ಮೋಟರ್ ಮುಲುಗತೊಡಗಿದಾಗ ಅವರು ಎರಡೂ ಅಂಗೈಗಳನ್ನು ಗಾಜಿನ ಬದಿಗೆ ಆನಿಸಿ ಮೆಲ್ಲಗೆ ಮೇಲಕ್ಕೆ ಎತ್ತಿಕೊಟ್ಟರು. "ತಂತಿ ಹರಿಯಾಕ ಬಂದೈತ್ರಿ, ಜೋರ ಒತ್ತಬ್ಯಾಡ್ರಿ" ಅಂದರು. ಅದರ ಮುಂದೆ ಏನೋ ಹೇಳಿದರು, ಅಷ್ಟರಲ್ಲಿ ಗಾಜು ಮುಚ್ಚಿತ್ತು. ನಾನು ಗಾಡಿ ಬಿಟ್ಟೆ.

ಆಮೇಲೆ ನಾನು ಅವರ ಅಂಗಡಿಯ ಮುಂದೆ ಹಾಯಲಿಲ್ಲ. ಗಾಡಿಯನ್ನು ದೂರದ ಬೆಳಗಾವಿಗೆ ಒಯ್ದು ಸರಿಮಾಡಿಸಿದೆ. ಮೊಮ್ಮಗಳ ಮದುವೆ ಆಯಿತು. ಮಳೆಗಾಲಗಳು ಹೋದವು. ಒಂದು ದಿನ ಬೈಲಹೊಂಗಲದ ಪೇಟೆಯಲ್ಲಿ ಯಾರೋ ಹೇಳಿದರು, ಮೇಸ್ತ್ರಿ ಹಾಸಿಗೆ ಹಿಡಿದಿದ್ದಾರೆ, ಹೊಟ್ಟೆಯ ಬೇನೆ, ಡಾಕ್ಟರು ಮನೆಗೆ ಒಯ್ಯಿರಿ ಅಂದಿದ್ದಾರೆ ಎಂದು. ಈಗ ಹೇಳದಿದ್ದರೆ ಮುಂದೆ ಹೇಳಲಾರೆ ಅಂದುಕೊಂಡು ಅವರ ಮನೆಗೆ ಹೋದೆ. ಅದೇ ಮೊದಲ ಸಲ ನಾನು ಆ ಓಣಿಗೆ ಕಾಲಿಟ್ಟದ್ದು.

ಕಾಟಿನ ಮೇಲೆ ಮಲಗಿದ್ದರು. ಮೀಸೆ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಏಳಲು ಹೋದರು. "ಬರ್ರಿ ಸಾವಕಾರ್ರ, ಕುಂದರ್ರಿ. ಏ, ಕುರ್ಚಿ ಕೊಡ." ಅವರ ಹೆಂಡತಿ ಒಂದು ಕಾಲು ಎಳೆಯುತ್ತ ಬಂದು ಕುರ್ಚಿ ಇಟ್ಟು, ಬಾಗಿಲ ಬಳಿ ನಿಂತರು.

"ಮೇಸ್ತ್ರಿ, ಆ ದಿನ ಚಚಡಿ ರಸ್ತಾದಾಗ..." ಎಂದು ಶುರು ಮಾಡಿದೆ.

"ಬಿಡ್ರಿ ಅದನ್ನ" ಅಂದರು ಮೇಸ್ತ್ರಿ. "ನಿಮ್ಮ ಮಂದಿ ಇದ್ರು, ನಿಮಗ ನಿಮ್ಮ ತ್ರಾಸು. ನಾ ಅದನ್ನ ಅವತ್ತ ಬಿಟ್ಟೇನಿ."

ಎದೆಯ ಮೇಲಿನ ಚೀಲ ಇಳಿಸಿದಂತಾಯಿತು. ಕ್ಷಮಿಸು ಎಂಬ ಮಾತು ಬಾಯಿಯವರೆಗೆ ಬಂದಿತ್ತು, ಇನ್ನು ಅದು ಬೇಕಿಲ್ಲ ಎಂದು ನುಂಗಿಕೊಂಡೆ. ಆಗ ಬಾಗಿಲ ಬಳಿಯಿಂದ ಅವರ ಹೆಂಡತಿ ಮಾತಾಡಿದರು. ಧ್ವನಿ ಏರಿಸಲಿಲ್ಲ.

"ಅವರ ಬಿಡತಾರ್ರಿ. ಹುಟ್ಟಿದಾಗಿಂದ ಬಿಟ್ಕೊಂತನ ಬಂದಾರ. ಆ ಬಿಸಲಾಗ ಮುಂದಿನ ಊರತನಕ ಈ ಕಾಲ ಎಳಕೊಂಡ ನಡದಾಕಿ ನಾ. ನನ್ನ ಕೇಳ್ರಿ."

"ಸುಮ್ನಿರಬಾರದೇನ? ಮನಿಗೆ ಬಂದಾರ" ಅಂದರು ಮೇಸ್ತ್ರಿ.

"ಸುಮ್ನ ಇದ್ದೆನೆಲ್ಲ ಇಷ್ಟ ದಿನ" ಅಂದರು ಆಕೆ. ನನ್ನನ್ನೇ ನೋಡುತ್ತ ಕಾದರು.

ಅವರು ಕಾದರು ಎಂಬುದನ್ನು ಬರೆಯಲೇಬೇಕು. ಒಳಗೆ ಹೋಗಲಿಲ್ಲ, ಮುಖ ತಿರುವಲಿಲ್ಲ. ಒಂದು ಮಾತು ಹೇಳಲು ಬೇಕಾದಷ್ಟು ಹೊತ್ತು ಕೊಟ್ಟರು. ನಾನು ಗಂಡಸಿನ ಹತ್ತಿರ ತಪ್ಪೊಪ್ಪಿಕೊಳ್ಳಲು ಗಟ್ಟಿ ಮಾಡಿಕೊಂಡು ಬಂದಿದ್ದೆ, ಅವನ ಹೆಂಡತಿಯ ಮುಂದೆ ಬಾಗಲು ಅಲ್ಲ. ಮೇಸ್ತ್ರಿಗೆ ಆರಾಮ ಮಾಡು ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಗೆ ಬಂದೆ.

ಬಸವ ಜಯಂತಿಗೆ ಮೊದಲೇ ಮೇಸ್ತ್ರಿ ತೀರಿಕೊಂಡರು. ಮಣ್ಣಿಗೆ ಹೋದೆ, ಹಿಂದೆ ನಿಂತು ಬಂದೆ. ಅಂಗಡಿಯಲ್ಲಿ ಈಗ ಯಾರೋ ಮೊಬೈಲ್ ಮಾರುತ್ತಾರೆ.

ಸತ್ತವರ ಹತ್ತಿರ ಹೇಳುವುದು ಹೇಗೆ ಎಂಬ ನೆಪ ನನಗಿಲ್ಲ. ಸತ್ತವರು ಅದನ್ನು ಬಿಟ್ಟೇ ಹೋದರು. ಬಿಡದವರು ಇದ್ದಾರೆ, ರಾಮದುರ್ಗದಲ್ಲಿ ಮಗಳ ಮನೆಯಲ್ಲಿ. ಎದುರಿಗಿದ್ದಾಗ ನಾನು ಅವರ ಹೆಸರನ್ನೂ ಕೇಳಿರಲಿಲ್ಲ, ನನ್ನ ಪಾಲಿಗೆ ಅವರು ಮೇಸ್ತ್ರಿಯ ಹೆಂಡತಿ, ಅಷ್ಟೇ. ಮೊನ್ನೆ ಅವರ ಅಳಿಯ ಪೇಟೆಯಲ್ಲಿ ಸಿಕ್ಕಾಗ ಕೇಳಿ ತಿಳಿದುಕೊಂಡೆ. ಸುಭದ್ರಾಬಾಯಿ.