ಬಚ್ಚಮ್ಮ ಹಾಕಿದ ಮೊದಲ ಸೊಪ್ಪು

ಹುತ್ತೂರಿನಲ್ಲಿ ರೇಷ್ಮೆ ಹುಳ ಸಾಕುವ ಯಾವ ಮನೆಯಲ್ಲೂ ಬಚ್ಚಮ್ಮ ಬಾರದೆ ಮೊದಲ ಸೊಪ್ಪು ಬೀಳುತ್ತಿರಲಿಲ್ಲ. ಮೊಟ್ಟೆ ಒಡೆದ ದಿನ ಅವಳನ್ನು ಕರೆಸಿ, ಕಾಲಿಗೆ ನೀರು ಕೊಟ್ಟು, ಹಿಪ್ಪುನೇರಳೆಯ ಚಿಗುರನ್ನು ಸಣ್ಣಗೆ ಹೆಚ್ಚಿ ಅವಳ ಕೈಯಿಂದಲೇ ಉದುರಿಸಬೇಕು. ಅವಳ ಕೈಗುಣಕ್ಕೆ ಹುಳ ಉಳಿಯುತ್ತವೆ ಅಂತ ನಂಬಿಕೆ. ಗಂಡ ಸತ್ತವಳು; ಮದುವೆ, ಸೀಮಂತ ಎಲ್ಲಕ್ಕೂ ಗೋಡೆಯ ಮರೆ. ಹುಳದ ಮನೆಗೆ ಮಾತ್ರ ಅವಳೇ ಮೊದಲು. ಅವಳಿಗಿದ್ದ ಮರ್ಯಾದೆ ಅದೊಂದೇ.

ಯುದ್ಧ ಬಂದು ರೇಷ್ಮೆಗೆ ಎಲ್ಲಿಲ್ಲದ ಬೆಲೆ ಬಂತು. ಮನೆಯಲ್ಲೇ ಉಳಿಸಿಕೊಂಡ ಬಿತ್ತನೆ ಮೊಟ್ಟೆ ಸಾಲದಾಯಿತು. ಮುಳಬಾಗಿಲಿನ ಗಂಗುಲಪ್ಪ ಕಾಗದಕ್ಕೆ ಅಂಟಿದ ಮೊಟ್ಟೆ ತಂದು ಮಾರಲು ಕೂತ. ಬಚ್ಚಮ್ಮ ತನ್ನ ಮನೆಗೆ ಈ ಬಿತ್ತನೆ ಹಾಕಿದರೆ ನಾವೂ ಹಾಕುತ್ತೇವೆ ಅಂದರು ಊರವರು. ಅವನು ನೇರ ಅವಳ ಮನೆಗೇ ಬಂದ.

“ಏಮಕ್ಕಾ, ನೀನು ಕೊಳ್ಳೋದೇನೂ ಬೇಡ. ನಮ್ಮನೇಲೂ ಗಂಗುಲಪ್ಪನ ಮೊಟ್ಟೇನೇ ಅಂತ ಒಂದ್ಮಾತು ಅನ್ನು.”

“ಹಾಕ್ದೇ ಇರೋದನ್ನ ಹಾಕಿದ್ದೀನಿ ಅಂತ ಹೆಂಗಪ್ಪಾ ಅನ್ನೋದು?”

“ಹುಳದ ಮನೆಯೊಳಕ್ಕೆ ಬಂದು ನೋಡೋರು ಯಾರು?”

ಅದು ನಿಜ. ದೃಷ್ಟಿಯಾದೀತೆಂದು ಹುಳದ ಮನೆಗೆ ಹೊರಗಿನವರನ್ನು ಯಾರೂ ಬಿಡುವುದಿಲ್ಲ. ಅವನು ಒಂದು ಜೊತೆ ಚಿನ್ನದ ಓಲೆ ತೆಗೆದಿಟ್ಟ. ಮಗಳು ಮುನಿಶಾಮಮ್ಮ ಮದುವೆಯ ವಯಸ್ಸಿಗೆ ಬಂದವಳು. ಕಿವಿಗೆ ಪೊರಕೆ ಕಡ್ಡಿ ಚುಚ್ಚಿಕೊಂಡು ಓಡಾಡುತ್ತಿದ್ದಳು. ಬಚ್ಚಮ್ಮ ಆ ಮಾತು ಅಂದಳು. ಊರೆಲ್ಲ ಕೊಂಡಿತು. ಮನೆಮನೆಗೂ ಹೋಗಿ ಮೊದಲ ಸೊಪ್ಪು ಹಾಕಿ ಬಂದಳು. ತನ್ನ ಮನೆಯಲ್ಲಿ ಮಾತ್ರ ಹಳೇ ಬಿತ್ತನೆಯನ್ನೇ ಇಟ್ಟಳು.

ಹುಳ ಮೂರನೇ ಸಲ ಪೊರೆ ಬಿಡುವಷ್ಟರಲ್ಲಿ ಊರಿನ ತಟ್ಟೆಗಳೆಲ್ಲ ನಾರತೊಡಗಿದವು. ಹುಳದ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಒಂದೂ ಉಳಿಯಲಿಲ್ಲ. ಬಚ್ಚಮ್ಮನವು ಮಾತ್ರ ತಿಂದು ಬೆಳೆದು ಗೂಡು ಕಟ್ಟುವ ಹದಕ್ಕೆ ಬಂದವು.

“ಅಮ್ಮಾ, ಹುಳ ಹಣ್ಣಾಗ್ತಾ ಇವೆ. ಚಂದ್ರಿಕೆ ಅಂಗಳಕ್ಕೆ ತರ್ಲಾ?” ಅಂದಳು ಮಗಳು.

ಗೂಡು ಕಟ್ಟಿಸುವ ಆ ಬಿದಿರಿನ ತಟ್ಟೆಯನ್ನು ಅಂಗಳದಲ್ಲಿ ನಿಲ್ಲಿಸಿದರೆ ಊರೆಲ್ಲ ನೋಡುತ್ತದೆ, ಇವಳವು ಮಾತ್ರ ಹೇಗೆ ಉಳಿದವು ಅನ್ನುತ್ತದೆ. ಬಚ್ಚಮ್ಮ ಹೊಗೆಸೊಪ್ಪು ನೆನೆಸಿ ಆ ನೀರನ್ನು ಸೊಪ್ಪಿಗೆ ಚಿಮುಕಿಸಿದಳು. ಹುಳಗಳು ತಲೆಯೆತ್ತಿ ಹಸಿರು ನೀರು ಕಕ್ಕಿ ಸತ್ತವು. ತಟ್ಟೆಗಳನ್ನು ಎಲ್ಲರ ಕಣ್ಣೆದುರಿಗೇ ತಿಪ್ಪೆಗೆ ಸುರಿದು ಅತ್ತಳು. ನೆರೆಯವರು ಬಂದು ಸಮಾಧಾನ ಹೇಳಿದರು.

ಗಂಗುಲಪ್ಪ ಸಿಕ್ಕಿದಾಗ ಜನ ಹೊಂಗೆಮರದಡಿ ಸುತ್ತುವರಿದರು. ಅವನು ಮೆಲ್ಲಗೇ ಹೇಳಿದ:

“ಇದೇ ಮೊಟ್ಟೆ ಲಕ್ಕೂರಲ್ಲಿ ಗೂಡು ಕಟ್ಟಿದೆ. ಇಲ್ಲಿ ಮೊದಲ ಸೊಪ್ಪು ಹಾಕಿದ್ದು ಯಾರ ಕೈ? ಆ ಕೈಯೋಳ ಮನೇಲೇ ಉಳೀಲಿಲ್ವಲ್ಲ.”

ಎಲ್ಲರೂ ಗುಂಪಿನಲ್ಲಿದ್ದ ಬಚ್ಚಮ್ಮನತ್ತ ತಿರುಗಿದರು. ನನ್ನ ಬಿತ್ತನೆ ಬೇರೆ, ಅದನ್ನು ನಾನೇ ಕೊಂದೆ ಅನ್ನಬೇಕಿತ್ತು. ಅಂದರೆ ಓಲೆಯ ಮಾತೂ ಹೊರಬೀಳುತ್ತದೆ.

“ಮುಂಡೇನ ಮುಂದೆ ನಿಲ್ಲಿಸ್ಕೊಂಡ್ವಲ್ಲ, ನಮಗೆ ಬುದ್ಧಿ ಇಲ್ಲ,” ಅಂದ ಚಿಕ್ಕವೆಂಕಟಪ್ಪ. ಪ್ರತಿ ಬೆಳೆಗೂ ಅವಳಿಗೆ ಮೊದಲು ಹೇಳಿಕಳಿಸುತ್ತಿದ್ದವನೇ ಅವನು.

ಅಂದು ಸಂಜೆ ಗಂಗುಲಪ್ಪ ಮನೆಗೆ ಬಂದ. “ಕೆಟ್ಟ ಕೈಗೆ ಓಲೆ ಯಾಕಕ್ಕಾ?” ಅಂದ. ಮುನಿಶಾಮಮ್ಮ ತಾನೇ ಬಿಚ್ಚಿ ಕೊಟ್ಟು ಪೊರಕೆಯಿಂದ ಎರಡು ಕಡ್ಡಿ ಮುರಿದುಕೊಂಡಳು.

ಮುಂದಿನ ಬೆಳೆಗೂ ಊರು ಅವನ ಮೊಟ್ಟೆಯನ್ನೇ ಕೊಂಡಿತು. ಮೊದಲ ಸೊಪ್ಪು ಹಾಕಿದವಳು ಚಿಕ್ಕವೆಂಕಟಪ್ಪನ ಹೆಂಡತಿ ಮುನಿಯಲ್ಲಮ್ಮ. ಗಂಡ ಮಕ್ಕಳು ತುಂಬಿದವಳು. ಬಚ್ಚಮ್ಮ ಅವರ ಮನೆಗೇ ಕೂಲಿಗೆ ಸೊಪ್ಪು ಕೊಯ್ದು ಹೊರುತ್ತಿದ್ದಳು.

ಎಷ್ಟೋ ವರ್ಷದ ಮೇಲೆ, ಪಕ್ಕದ ಮನೆಯ ನಾನೂ ಬಚ್ಚಮ್ಮನೂ ರಾಗಿ ಕೇರುತ್ತಿದ್ದಾಗ, ಅವಳೇ ಇದನ್ನೆಲ್ಲ ಹೇಳಿದಳು.

“ಅವರ ಬಾಗಿಲಲ್ಲಿ ಸೊಪ್ಪಿನ ಮಂಕರಿ ಇಳಿಸ್ದೆ. ‘ನೆರಳು ಒಳಕ್ಕೆ ಬೀಳ್ದಂಗೆ ನಿಂತ್ಕೊಳೇ’ ಅಂದ್ಲು ಮುನಿಯಲ್ಲಮ್ಮ. ಕಿವೀಲಿ ಅದೇ ಓಲೆ. ಹಿಂದ್ಗಡೆ ತಟ್ಟೆ ಕಾಣ್ತಿತ್ತು. ಹುಳದ ಮೈಮೇಲೆ ಮೆಣಸಿನ ಪುಡಿ ಚೆಲ್ದಂಗಿತ್ತು.”

“ಹೇಳ್ಲಿಲ್ವಾ ಅಕ್ಕಾ?”

“ಸೊಪ್ಪು ಚೆನ್ನಾಗಿ ಹಾಕಮ್ಮ ಅಂದೆ.”