ರಾತ್ರಿ ಮಾತ್ರೆ ಮಧ್ಯಾಹ್ನದ ಮನೆಗೆ ಜರುಗಿದಾಗ

ಬೆಳಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ, ಎರಡು ಕಂಪ್ಯೂಟರುಗಳ ನಡುವೆ ಕುರ್ಚಿ ಹಾಕಿಕೊಂಡು ಕೂತ ಹೆಂಗಸು ಒಂದು ಹಾಳೆಯನ್ನು ದೀಪದ ಕೆಳಗೆ ಹಿಡಿದು, "ಅಯ್ಯೋ ದೇವರೇ, ಮತ್ತೆ ಶುರು ಹಚ್ಕೊಂಡ್ರಲ್ಲಪ್ಪ!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಇವತ್ತು ಮನೆಗೆ ಹೊರಡುವ ರೋಗಿಯೊಬ್ಬರ ಕೈಗೆ ಕೊಡಬೇಕಾದ ಹಾಳೆ ಅದು. ಯಾವ ಮಾತ್ರೆ ಬೆಳಗ್ಗೆ, ಯಾವುದು ಮಧ್ಯಾಹ್ನ, ಯಾವುದು ರಾತ್ರಿ ಎಂಬ ಪಟ್ಟಿ. ನಿದ್ರೆ ಮಾತ್ರೆಯ ಮುಂದಿನ '1' ರಾತ್ರಿಯ ಕೆಳಗೆ ಇರಬೇಕಿತ್ತು. ಅದು ಎಡಕ್ಕೆ ಜರುಗಿ ಮಧ್ಯಾಹ್ನದ ಕೆಳಗೆ ಹಾಯಾಗಿ ಕೂತಿದೆ.

ಇವರು ಆಸ್ಪತ್ರೆಗೆಲ್ಲ ಫೈಲಕ್ಕ. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಾರೆ, ಲಿಫ್ಟ್ ನಡೆಸುವವನೂ ಹಾಗೇ ಕರೆಯುತ್ತಾನೆ. ಟೈಪ್‌ರೈಟರ್ ಕುಟ್ಟುತ್ತಾ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷವಾಯಿತು. ನಿವೃತ್ತಿಗೆ ಉಳಿದಿರುವುದು ನಲವತ್ತು ದಿನ. ದಿನಕ್ಕೆ ಅರವತ್ತು ಹಾಳೆಗಳು ವಾರ್ಡುಗಳಿಂದ ಈ ಕೋಣೆಗೆ ಬಂದು ಅಚ್ಚಾಗುತ್ತವೆ. ಎಂಟು ಗಂಟೆಗೆ ಕೆಲಸಕ್ಕೆ ಬಂದರೆ ಸಾಕೆಂದು ನಿಯಮವಿದೆ. ಇವರು ಐದೂವರೆಗೇ ಬೀಗ ತೆಗೆದಿರುತ್ತಾರೆ.

ಕಾರಣ ಕೇಳಿದರೆ ಎಲ್ಲರೂ ಹೇಳುವುದು ಹಾಳೆ ಬರೆಯುವ ಎರಡು ತಂತ್ರಾಂಶಗಳ ಜಗಳ. ಅರ್ಧ ವಾರ್ಡುಗಳಲ್ಲಿರುವುದು ವರ್ಷವರ್ಷವೂ ಪರವಾನಗಿ ಕೊಳ್ಳಬೇಕಾದ ತಂತ್ರಾಂಶ. ಇನ್ನರ್ಧದಲ್ಲಿ ಯಾರು ಬೇಕಾದರೂ ಹಾಕಿಕೊಳ್ಳಬಹುದಾದ, ಒಳಗಿನ ಹೆಣಿಗೆಯನ್ನೇ ತೆರೆದು ನೋಡಬಹುದಾದ ತಂತ್ರಾಂಶ. ಸಿಸ್ಟರುಗಳ ಬಾಯಲ್ಲಿ ಮೊದಲನೆಯದು 'ದುಡ್ಡಿಂದು', ಎರಡನೆಯದು 'ಪುಕ್ಕಟೆದು'. ಪುಕ್ಕಟೆ ಎಂದರೆ ಫೈಲಕ್ಕನಿಗೆ ಮೈ ಉರಿಯುತ್ತದೆ. "'ಎಲ್ಲರದ್ದು' ಅನ್ನಿ, ಬಾಯೇನು ಸವೆದುಹೋಗುತ್ತಾ?" ಎಂದು ಗದರುತ್ತಾರೆ. ಹಾಗಂತ ಅದರ ಪಕ್ಷದವರೂ ಅಲ್ಲ. "ದುಡ್ಡಿಂದ್ರಲ್ಲಿ ಎಲ್ಲರ ಕೈ ಕೂತಿದೆ, ಹೊಸದಾಗಿ ಕಲಿಸೋ ತಾಪತ್ರಯ ಇಲ್ಲ. ಆದ್ರೆ ಪರವಾನಗಿ ಮುಗಿದ ದಿನ ಫೈಲ್ ಓದಕ್ಕೆ ಬಿಡುತ್ತೆ, ತಿದ್ದಕ್ಕೆ ಬಿಡಲ್ಲ. 'ಎಲ್ಲರದ್ದು' ಮೂವತ್ತು ಕಂಪ್ಯೂಟರಿಗೂ ಹಾಕ್ಬಹುದು, ಯಾರ ಅಪ್ಪಣೆನೂ ಬೇಡ. ಆದ್ರೆ ಬೇರೆಯವರ ಫೈಲ್ ತೆಗೆದ್ರೆ ಒಮ್ಮೊಮ್ಮೆ ಮೂತಿ ತಿರುಗಿಸುತ್ತೆ. ಎರಡಕ್ಕೂ ಅದರದರ ರೋಗ ಇದೆ ಕಣ್ರೀ."

ಆದರೆ ಹಾಳೆ ಕೆಡಿಸುವ ಕಳ್ಳ ಬೇರೆಯೇ. ಪಟ್ಟಿ ಬರೆಯಲು ಕೋಷ್ಟಕ ಹಾಕಬೇಕು, ಒಂದೊಂದು ಅಂಕಿಗೂ ಒಂದೊಂದು ಮನೆ ಇರಬೇಕು. ನಮ್ಮವರು ಹಾಗೆ ಮಾಡುವುದಿಲ್ಲ. ಖಾಲಿ ಜಾಗ ಬಿಡುವ ಉದ್ದನೆಯ ಕೀಲಿ ಇದೆಯಲ್ಲ, ಸ್ಪೇಸ್ ಬಾರ್, ಅದನ್ನು ಟಕಟಕ ಒತ್ತುತ್ತಾ ಅಂಕಿಯನ್ನು ಬೇಕಾದಲ್ಲಿಗೆ ತಳ್ಳಿಕೊಂಡು ಹೋಗುತ್ತಾರೆ. ಅವರ ಪರದೆಯ ಮೇಲೆ ಎಲ್ಲ ನೆಟ್ಟಗೆ ಕಾಣುತ್ತದೆ. ಅದೇ ಫೈಲನ್ನು ಇನ್ನೊಂದು ತಂತ್ರಾಂಶದಲ್ಲಿ ತೆರೆದರೆ ಅಕ್ಷರದ ಅಗಲ ಕೂದಲೆಳೆಯಷ್ಟು ಬದಲಾಗುತ್ತದೆ, ನಲವತ್ತು ಖಾಲಿ ಜಾಗಗಳು ಕುಗ್ಗುತ್ತವೆ, ರಾತ್ರಿ ಮಾತ್ರೆ ಮಧ್ಯಾಹ್ನಕ್ಕೆ ಬರುತ್ತದೆ. ಫೈಲಕ್ಕನ ಮೇಜಿನ ಖಾನೆಯಲ್ಲಿ ಕೆಟ್ಟ ಕೀಲಿಮಣೆಗಳಿಂದ ಕಿತ್ತಿಟ್ಟ, ಹೆಬ್ಬೆರಳಿನಿಂದ ಸವೆದು ಫಳಫಳ ಹೊಳೆಯುವ ಒಂಬತ್ತು ಸ್ಪೇಸ್ ಬಾರುಗಳಿವೆ. "ಸಾಕ್ಷಿಗೆ ಇಟ್ಕೊಂಡಿದೀನಿ," ಎನ್ನುತ್ತಾರೆ, ನಗದೆ.

ಮೂರು ವರ್ಷದ ಹಿಂದೆ ಇಂಥದ್ದೇ ಹಾಳೆ ಹಿಡಿದು ಮನೆಗೆ ಹೋದ ಮುದುಕಿಯೊಬ್ಬರು ಮಧ್ಯಾಹ್ನ ಊಟವಾದ ಮೇಲೆ ನಿದ್ರೆ ಮಾತ್ರೆ ನುಂಗಿದರು. ಒಗೆದ ಬಟ್ಟೆ ತರಲು ಮಹಡಿ ಹತ್ತಿ, ಇಳಿಯುವಾಗ ಮೆಟ್ಟಿಲಿಂದ ಬಿದ್ದರು. ಸೊಂಟ ಮುರಿಯಿತು, ಮತ್ತೆ ನಡೆಯಲಿಲ್ಲ. ಹಾಳೆ ಬರೆದದ್ದು ವಾರ್ಡಿನಲ್ಲಿ, ಅಚ್ಚು ಹಾಕಿ ಕೊಟ್ಟದ್ದು ಫೈಲಕ್ಕ. "ನಾನು ನೋಡ್ಲಿಲ್ಲ. ಕೈಗೆ ಬಂತು, ಕೊಟ್ಟೆ," ಎನ್ನುತ್ತಾರೆ. ಅಂದಿನಿಂದ ಐದೂವರೆಗೇ ಬೀಗ ತೆಗೆಯುತ್ತಾರೆ.

ಮನೆಯಲ್ಲಿ ಗಂಡ ದರ್ಜಿ. ಹೆಂಡತಿಯ ಗೋಳನ್ನು ಗುಂಡಿ ಹೊಲಿಯುತ್ತಲೇ ಕೇಳಿಸಿಕೊಂಡು, "ಅಳತೆ ತಗೊಳ್ದೆ ಬಟ್ಟೆ ಕತ್ತರಿಸ್ತಾರೆ, ಆಮೇಲೆ ಕತ್ತರಿ ಸರಿಯಿಲ್ಲ ಅಂತಾರೆ. ಅಷ್ಟೇ ತಾನೇ?" ಎನ್ನುತ್ತಾರೆ. ಇಡೀ ಆಸ್ಪತ್ರೆಗೆ ಅರ್ಥವಾಗದ್ದು ಈ ಮನುಷ್ಯನಿಗೆ ಅರ್ಥವಾಗಿದೆಯಲ್ಲ ಎಂದು ಫೈಲಕ್ಕ ಆಮೇಲೆ ಮತ್ತಷ್ಟು ಸಿಡಿಮಿಡಿಗೊಳ್ಳುತ್ತಾರೆ.

ಇವತ್ತು ಹತ್ತೂವರೆಗೆ ಸಭೆ. ಎರಡರಲ್ಲಿ ಒಂದನ್ನು ಆರಿಸಿಬಿಡೋಣ ಎಂದು ದೊಡ್ಡ ಡಾಕ್ಟರು ಕರೆದಿದ್ದಾರೆ. ಫೈಲಕ್ಕ ನೋಟ್‌ಪುಸ್ತಕ ಬಿಚ್ಚಿ ಓದುತ್ತಾರೆ: ನಾಲ್ಕು ತಿಂಗಳಲ್ಲಿ ಕೆಟ್ಟ ಹಾಳೆ 412. ದುಡ್ಡಿನದ್ದರ ತಪ್ಪಿನಿಂದ 19, ಎಲ್ಲರದ್ದರ ತಪ್ಪಿನಿಂದ 22, ಸ್ಪೇಸ್ ಬಾರಿನಿಂದ 371.

"ಅದೆಲ್ಲ ಸರಿ ಅಕ್ಕ. ಯಾವುದು ಒಳ್ಳೇದು, ಒಂದೇ ಮಾತಲ್ಲಿ ಹೇಳಿ," ಎನ್ನುತ್ತಾರೆ ದೊಡ್ಡ ಡಾಕ್ಟರು.

ಫೈಲಕ್ಕ ಎರಡು ಹಾಳೆ ತೆಗೆಯುತ್ತಾರೆ. ತಾವೇ ಮಾಡಿದ ಕೋಷ್ಟಕದ ನಮೂನೆ, ಎರಡೂ ತಂತ್ರಾಂಶಗಳಲ್ಲಿ ಅಚ್ಚು ಹಾಕಿದ್ದು. ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತುತ್ತಾರೆ. ಅಂಕಿಯ ಮೇಲೆ ಅಂಕಿ, ಮನೆಯ ಮೇಲೆ ಮನೆ. "ಯಾವುದು ಯಾವುದರದ್ದು, ನೀವೇ ಹೇಳಿ ಸಾರ್." ಯಾರಿಗೂ ಹೇಳಲಾಗುವುದಿಲ್ಲ.

ಈಗಲಾದರೂ ಬುದ್ಧಿ ಬಂತು ಎಂದುಕೊಂಡರೆ, ಸಭೆಯ ತೀರ್ಮಾನ ಹೀಗೆ: ಎಲ್ಲ ವಾರ್ಡಿಗೂ 'ಎಲ್ಲರದ್ದು', ಕೇಂದ್ರ ಕಚೇರಿಗೆ ವರದಿ ಕಳಿಸುವ ನಾಲ್ಕು ಕಂಪ್ಯೂಟರಿಗೆ ಮಾತ್ರ ದುಡ್ಡಿಂದು. ನಮೂನೆಯ ವಿಷಯ ಆಮೇಲೆ ನೋಡೋಣ. "ಹೇಗಿದ್ರೂ ನೋಡಕ್ಕೆ ನೀವಿದ್ದೀರಲ್ಲ ಅಕ್ಕ!" ಎನ್ನುತ್ತಾರೆ ದೊಡ್ಡ ಡಾಕ್ಟರು.

"ನಲವತ್ತು ದಿನ ಇದೀನಿ ಸಾರ್," ಎಂದು ಫೈಲಕ್ಕ ಎದ್ದು ಬರುತ್ತಾರೆ.

'ಆಮೇಲೆ' ಎಂಬುದು ಯಾವತ್ತು ಬರುತ್ತದೋ ಯಾರು ಕಂಡರು? ಮಧ್ಯಾಹ್ನವೇ ನಮೂನೆಯನ್ನು ಹಿಡಿದು ಗಂಡಸರ ವಾರ್ಡಿಗೆ ಹೋಗಿ ಅಲ್ಲಿನ ಸಿಸ್ಟರ್ ಪಕ್ಕ ಕೂರುತ್ತಾರೆ. "ಈ ಮನೆಯಿಂದ ಆ ಮನೆಗೆ ಹೋಗಕ್ಕೆ ಈ ಕೀಲಿ ಒಂದ್ಸಲ ಒತ್ತು ತಾಯಿ. ಹೆಬ್ಬೆರಳು ಕೆಳಗಿಳಿತೋ, ನೋಡು, ಹತ್ತನೇ ಬಾರ್ ನಿಂದೇ." ಸಿಸ್ಟರ್ ನಕ್ಕರೂ ಕಲಿಯುತ್ತಾಳೆ.

ಮರುದಿನ ಬೆಳಗ್ಗೆ ಆರಕ್ಕೆ ಆ ವಾರ್ಡಿನ ಹದಿನಾಲ್ಕು ಹಾಳೆಗಳನ್ನು ಫೈಲಕ್ಕ ಒಂದೊಂದಾಗಿ ದೀಪದ ಕೆಳಗೆ ಹಿಡಿಯುತ್ತಾರೆ. ಹದಿನಾಲ್ಕೂ ಸರಿ. ನಂಬಿಕೆಯಾಗದೆ ಇನ್ನೊಮ್ಮೆ ನೋಡುತ್ತಾರೆ. ಉಳಿದ ಏಳು ವಾರ್ಡು, ಮೂವತ್ತೊಂಬತ್ತು ದಿನ ಎಂದು ಬೆರಳು ಮಡಚುತ್ತಾರೆ.

ನಿವೃತ್ತಿಯಾದ ಮೇಲೆ ಏನಾಸೆ ಎಂದು ಕೇಳಿದರೆ ಹುಬ್ಬು ಗಂಟಿಕ್ಕುತ್ತಾರೆ. "ಮೊದಲನೇ ದಿನ ಏಳು ಗಂಟೆವರೆಗೂ ಮಲಗಬೇಕು. ನಾನು ಮಲಗಿದ್ದೆ ಅಂತ ಯಾರೂ ಮೆಟ್ಟಿಲಿಂದ ಬೀಳಬಾರದು. ಅಷ್ಟೇ."